ನೆರಳಿಗೆ ಹರವಿದ ತೊಗರಿ ಬೀಜ

ವೈನಿ,

ನೀವೀಗ ಅಣ್ಣನ ಹೆಂಡತಿಯಲ್ಲ; ನಿಮ್ಮನ್ನು ಈಗಲೂ ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಹೇಗೂ ಇದನ್ನು ಕುಷ್ಟಗಿಯ ನಿಮ್ಮ ತವರಿಗೆ ಕಳಿಸುವ ಧೈರ್ಯ ನನಗಿಲ್ಲ.

ಇವತ್ತು ಬೇವೂರಿಗೆ ಒಬ್ಬ ವಿಜ್ಞಾನಿ ಬಂದಿದ್ದರು. ಬೇಳೆಕಾಳಿನ ಬೇರುಗಂಟುಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳ ಮೇಲೆ ಅವರ ಸಂಶೋಧನೆಯಂತೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವಂತೆ. ನಮ್ಮ ಅಂಗಳದಲ್ಲೇ ತೊಗರಿ ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ಆ ಜೀವಿಗಳಿರುವ ಕಪ್ಪು ಪುಡಿ ಸವರಿ ತೋರಿಸಿದರು. ಬೆಲ್ಲ ತಂದುಕೊಟ್ಟವಳು ಅಣ್ಣನ ಈಗಿನ ಹೆಂಡತಿ.

ನೀವು ತವರಿನಿಂದ ತಂದ ತೊಗರಿ ಬೀಜವೂ ಅಂಥದೇ ಪುಡಿ ಸವರಿ ಹಾಗೇ ಕಪ್ಪಗಿತ್ತು. "ಇದರಾಗ ಜೀವ ಅದಾವ್ರಿ ಅತ್ತಿ" ಎಂದಿದ್ದಿರಿ. ಅದನ್ನು ಕೇಳಿದ್ದೇ ಅವ್ವ, "ಮಾಟ ಮಾಡಿಸ್ಕೊಂಡು ಬಂದಾಳ" ಎಂದು ಬೀಜವನ್ನೆಲ್ಲ ಒಲೆಗೆ ಸುರಿದಳು. ಮರುದಿನವೇ ಅಣ್ಣ ನಿಮ್ಮನ್ನು ತವರಿಗೆ ಬಿಟ್ಟು ಬಂದ.

ಇವತ್ತು ಆ ವಿಜ್ಞಾನಿಯೂ, "ಇದರಾಗ ಜೀವ ಅದಾವಮ್ಮ, ಬಿಸಿಲಿಗೆ ಇಡಬ್ಯಾಡ್ರಿ" ಎಂದರು. ಅವ್ವ ಕೈಮುಗಿದು, "ಛಲೋ ಆತ್ರಿ ಸಾಹೇಬ್ರ" ಎಂದಳು. ಅದೇ ಪುಡಿ, ಅದೇ ಮಾತು. ಆಗ ಮಾಟವಾಗಿದ್ದದ್ದು ಈಗ ಹೇಗೆ ಒಳ್ಳೆಯದಾಯಿತೋ ನನಗೆ ತಿಳಿಯಲಿಲ್ಲ. ಹೇಳಿದರೆ ಯಾರ ಮನಸ್ಸು ನೋಯುತ್ತದೋ ಎಂದು ಬೀಜವನ್ನು ನೆರಳಲ್ಲಿ ಚಾಪೆಯ ಮೇಲೆ ಹರವತೊಡಗಿದೆ.

ಅವರು ಹೋದ ಮೇಲೆ ಅವ್ವ ಬಹಳ ಹೊತ್ತು ಬೀಜದ ಪಕ್ಕದಲ್ಲೇ ಇದ್ದಳು.

"ಅಕಿನೂ ಹಿಂಗ ನೆರಳಾಗ ಹರವಿದ್ಳೇನ?" ಎಂದು ಮೆಲ್ಲಗೆ ಕೇಳಿದಳು.

ಹೂಂ ಎಂದೆ. ಅಷ್ಟರಲ್ಲಿ ಅಣ್ಣನ ಹೆಂಡತಿ ಒಳಗಿನಿಂದ ಬಂದಳು. ಅವ್ವ ಚಾಪೆಯತ್ತ ಕೈ ತೋರಿಸಿದಳು. ಬಿಸಿಲು ಚಾಪೆಯ ಅಂಚಿಗೆ ಬಂದಿತ್ತು. ಮೂವರೂ ಸೇರಿ ಅದನ್ನು ಗೋಡೆಯ ನೆರಳಿಗೆ ಎಳೆದೆವು.

ನಿಮ್ಮ ನಾದಿನಿಯಾಗಿದ್ದ
ಹುಲಗೆಮ್ಮ