ಮೊರಿಲ್ ಅಂತ ಹೆಸರಿಟ್ಟುಕೊಂಡೆ

ನವೆಂಬರ್ 3, ಸೋಮವಾರ

ಇನ್‌ಸ್ಟಾಗೆ ಆ ಹೆಸರೂ ಸಿಗಲಿಲ್ಲ. ‘ಚಂದ್ರನ ಉಪ್ಪು’ — ಯಾರೋ ಇಟ್ಟುಕೊಂಡಾಗಿದೆ. ‘ಮಂಜಿನ ಮಗಳು’ — ಆಗಿದೆ. ‘ನೀಲಿ ಗಳಿಗೆ’ — ಕೇಳಲೇಬೇಡ. ಚುಕ್ಕೆ ಹಾಕಿ, ಗೆರೆ ಎಳೆದು, ಕೊನೆಯ ಅಕ್ಷರ ಮೂರು ಸಲ ಬರೆದು, ಊರಿಗೂರೇ ಇಟ್ಟುಕೊಂಡಿದೆ. ಗಣಿತದ ಕ್ಲಾಸಿನಲ್ಲಿ ಪುಸ್ತಕದ ಅಂಚಿನ ತುಂಬ ಹೆಸರುಗಳೇ. ಇಸೆಲಿನ್ ಪಕ್ಕದಿಂದ ಬಗ್ಗಿ ನೋಡಿದಳು. ಅವಳ ಅಕೌಂಟಿನ ಹೆಸರಿಗೆ ಮಲಗಿದ ಹಂಸ ಎಂದು ಅರ್ಥ. ಇಡೀ ದಿನ ಚಿಪ್ಸ್ ತಿನ್ನುತ್ತಾಳೆ. ಹಂಸವಂತೆ.

“ಇರೋದೇ ಇಟ್ಕೊಳ್ಳೇ. ರಾಗ್ನಾ ಹ್ಯಾಂಡ್‌ಬಾಲ್. ಯಾರೂ ಕದಿಯಲ್ಲ,” ಅಂದಳು.

ಆ ಅಕೌಂಟ್ ಮಾಡಿದ್ದು ಹನ್ನೊಂದನೇ ವಯಸ್ಸಿನಲ್ಲಿ. ಈಗ ಹದಿನೇಳು. ರಾಗ್ನಾ ಎನ್ನುವುದೂ ನನ್ನದಲ್ಲ, ಅಜ್ಜಿಯದು. ಕರೆದರೆ ಆಲೂಗಡ್ಡೆ ಮೂಟೆ ಇಳಿಸಿದ ಹಾಗೆ ಕೇಳುತ್ತದೆ. ಈ ದ್ವೀಪದಲ್ಲಿ ಇರುವುದು ಒಂದು ಅಂಗಡಿ, ಒಂದು ಪ್ರಾರ್ಥನಾ ಮಂದಿರ, ಆಚೆ ದಡದ ಶಾಲೆಗೆ ಹೋಗಲು ಒಂದು ಫೆರಿ. ಹೆಸರಾದರೂ ಸ್ವಲ್ಪ ದೂರದ್ದಾಗಿರಬಾರದೇ...

ನವೆಂಬರ್ 4

ಸಿಕ್ಕಿತು.

ಬೆಳಿಗ್ಗೆ ಫೆರಿಗೆ ಕಾಯುತ್ತಿದ್ದೆ. ಗಾಳಿ. ದಿನವೂ ಒರಗಿ ನಿಲ್ಲುವ ಕಲ್ಲಿಗೇ ಒರಗಿದ್ದೆ. ತಿರುಗಿದರೆ ಮೂಗಿನ ಮುಂದೆಯೇ ಕೆತ್ತಿದೆ — ಮೊರಿಲ್. ಕತ್ತಲಲ್ಲಿ ಹುಟ್ಟು ಹಾಕಿದರೆ ಕಡಲ ನೀರು ಹಸಿರಾಗಿ ಮಿಣುಗುತ್ತದಲ್ಲ, ಅದು. ಒಂದೇ ಪದ. ಮೆತ್ತಗೆ. ಬಾಯಲ್ಲಿ ಕರಗುತ್ತದೆ. ಹಿಂದೊಂದು ಮುಂದೊಂದು ಗೆರೆ ಹಾಕಿದೆ, ಅಕೌಂಟ್ ಆಗಿಯೇ ಹೋಯಿತು.

ಅದು ದೋಣಿಯ ಹೆಸರೆಂದು ಹೊಳೆಯಲಿಲ್ಲ ಎಂದು ಬರೆಯಲು ಹೊರಟೆ. ಸುಳ್ಳು. ಹೊಳೆದಿತ್ತು. ನಾನು ಹುಟ್ಟುವ ಮುಂಚೆ ಮೂರು ಜನರ ಸಮೇತ ಮುಳುಗಿದ ದೋಣಿ. ಆ ಕಲ್ಲು ನಿಲ್ಲಿಸಿದ್ದೇ ಅವರ ನೆನಪಿಗೆ. ಇಲ್ಲಿ ಯಾರೂ ಆ ಹೆಸರು ಎತ್ತುವುದಿಲ್ಲ, ‘ಆ ದೋಣಿ’ ಅನ್ನುತ್ತಾರೆ. ಹಾಲ್ಡಿಸ್ ಎದುರಿಗಿದ್ದರೆ ಅಷ್ಟೂ ಅನ್ನುವುದಿಲ್ಲ. ಅವರ ಗಂಡ ಪೇಡರನದೇ ದೋಣಿ. ನಾನು ಶನಿವಾರ ಕೆಲಸಕ್ಕೆ ಹೋಗುವ ಅಂಗಡಿಯಲ್ಲಿ ಹಾಲ್ಡಿಸ್ ಕ್ಯಾಶಿನಲ್ಲಿ ಕೂರುತ್ತಾರೆ. ಆದರೆ ನನ್ನ ಅಕೌಂಟ್ ನೋಡುವವರು ಅವರಲ್ಲವಲ್ಲ. ಪದ ಯಾರಪ್ಪನ ಸ್ವತ್ತೂ ಅಲ್ಲ.

ನವೆಂಬರ್ 15, ಶನಿವಾರ

ಚೆನ್ನಾಗಿ ಆಗುತ್ತಿದೆ! ಮುಖ ಹಾಕುವುದಿಲ್ಲ. ಕಿಟಕಿಯ ಮೇಣದಬತ್ತಿ. ಕಾಫಿಯ ಕಪ್. ಉಣ್ಣೆ ಕಾಲುಚೀಲ ಹಾಕಿದ ಪಾದ, ಆಚೆ ಮಸುಕು ಕಡಲು. ನಿನ್ನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಲೈಕ್ — ಬರೀ ಕಪ್ಪು ನೀರು, ಕೆಳಗೆ ಒಂದೇ ಸಾಲು: ‘ಇಲ್ಲೇ ಮುಳುಗಿ ಹೋಗಬೇಕು’. ಗೊತ್ತಿಲ್ಲದ ಊರುಗಳ ಹುಡುಗಿಯರು ಹೃದಯ ಕಳಿಸುತ್ತಾರೆ. ಇಸೆಲಿನ್‌ಗೆ ಹೊಟ್ಟೆಕಿಚ್ಚು. ಒಪ್ಪಿಕೊಳ್ಳುವುದಿಲ್ಲ.

ಅಂಗಡಿಯಲ್ಲಿ ಹಾಲ್ಡಿಸ್ ಹೊಸ ಫೋನ್ ತೋರಿಸಿದರು. ತಂಗಿಯ ಮಗಳು ಇನ್‌ಸ್ಟಾ ಹಾಕಿಕೊಟ್ಟಿದ್ದಾಳಂತೆ, ಹೆಣಿಗೆಯ ಮಾದರಿ ನೋಡಲು. ಹೇಗೆ ಹುಡುಕುವುದು ಎಂದು ಕೇಳಿದರು. ಹೇಳಿಕೊಟ್ಟೆ.

ನವೆಂಬರ್ 19

ಯಾಕೆ ಹೇಳಿಕೊಟ್ಟೆನೋ.

ಊಟದ ಬಿಡುವಿನಲ್ಲಿ ಮೆಸೇಜು ಬಂತು. ಮೊರಿಲ್‌ಗೆ. ಹಾಲ್ಡಿಸ್ ಅವರಿಂದ. ಹಾಗೇ ಬರೆದಿಡುತ್ತೇನೆ: “ನಮಸ್ಕಾರ. ನಾನು ಪೇಡರನ ಹೆಂಡತಿ. ದೋಣಿಗೆ ಅಂತ ಪುಟ ಮಾಡಿದ್ದು ನೋಡಿದೆ. ಯಾರು ಮಾಡಿದ್ದೋ ಗೊತ್ತಿಲ್ಲ, ಒಳ್ಳೇದಾಗ್ಲಿ. ನನ್ನ ಮುಂದೆ ಯಾರೂ ಆ ಹೆಸರೇ ಎತ್ತಲ್ಲ. ಎಲ್ಲರೂ ಮರೆತ್ರೇನೋ ಅಂದ್ಕೊಂಡಿದ್ದೆ.”

ಸ್ಯಾಂಡ್‌ವಿಚ್ ಡಬ್ಬಿಗೆ ವಾಪಸ್ ಇಟ್ಟೆ. ಅವರು ನೋಯದಿರಲಿ ಎಂದು ಊರೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ, ಅವರಿಗೆ ಅದು ಹೀಗೆ ಕೇಳಿಸಿದೆ.

ತಕ್ಷಣ ಬರೆಯಬೇಕಿತ್ತು — ಹಾಲ್ಡಿಸ್, ನಾನು ರಾಗ್ನಾ, ಕ್ಷಮಿಸಿ. ಅಷ್ಟೇ. ಹೃದಯವೊಂದನ್ನು ಕಳಿಸಿ ಫೋನ್ ಬ್ಯಾಗಿಗೆ ತುರುಕಿದೆ.

ನವೆಂಬರ್ 22, ಶನಿವಾರ

ಹಾಲ್ಡಿಸ್ ಬೆಳಿಗ್ಗೆಯಿಂದ ಆ ಹೃದಯವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದಾರೆ. ಮೀನಿನ ಲಾರಿಯವನಿಗೂ.

ಮಧ್ಯಾಹ್ನ ಹಿಂದಿನ ಕೋಣೆಗೆ ಕರೆದರು. ತಮ್ಮ ಬೆರಳು ದಪ್ಪ, ನೀನೇ ಬರಿ ಎಂದು ಫೋನ್ ಕೈಗಿಟ್ಟರು. ಹಾಲಿನ ಕ್ರೇಟಿನ ಮೇಲೆ ಕೂತು, ಅವರು ಹೇಳಿದ್ದನ್ನು ನಾನು ನನಗೇ ಬರೆದೆ. ಒಂದೊಂದೇ ಚಿತ್ರ ತೆಗೆದು ಕೇಳುತ್ತಾ ಹೋದರು. ಆ ಕಾಲುಚೀಲ ತಾವು ಹೆಣೆಯುತ್ತಿದ್ದ ಮಾದರಿಯದೇ ಅಲ್ಲವೇ. ಮೇಣದಬತ್ತಿ ಹಚ್ಚಿದ್ದು ದೋಣಿ ಮುಳುಗಿದ ತಾರೀಖಿಗೇನಾ. ಎಲ್ಲಕ್ಕೂ ಅರ್ಥ ಹುಡುಕಿಟ್ಟಿದ್ದರು. ನಾನು ಹಚ್ಚಿದ್ದು ಬೆಳಕು ಚೆನ್ನಾಗಿ ಬೀಳುತ್ತದೆ ಎಂದು.

ಆಮೇಲೆ ಕಪ್ಪು ನೀರಿನ ಚಿತ್ರ. ಕನ್ನಡಕ ಸರಿ ಮಾಡಿಕೊಂಡರು.

“ಇದೊಂದು ಕೇಳು. ‘ಇಲ್ಲೇ ಮುಳುಗಿ ಹೋಗಬೇಕು’ ಅಂತ ಬರೆದಿದ್ದಾರಲ್ಲ. ಪೇಡರ್ ಯಾವತ್ತಾದ್ರೂ ಯಾರ ಹತ್ರಾದ್ರೂ ಹಾಗಂದಿದ್ನಾ? ಅಂದಿದ್ರೆ ನಂಗೆ ಗೊತ್ತಾಗ್ಬೇಕು.”

ಬರೆದೆ. ಕಳಿಸು ಒತ್ತಿದೆ. ನನ್ನ ಏಪ್ರನ್ ಜೇಬಿನಲ್ಲಿ ಫೋನ್ ಗುಂಯ್ ಅಂತು.

“ನೋಡ್ಕೋ ಮಗಾ, ಯಾರೋ ನಿಂಗೆ ಕಳ್ಸಿದ್ದಾರೆ,” ಅಂದರು ಹಾಲ್ಡಿಸ್.

ಆಮೇಲೆ ನೋಡುತ್ತೇನೆ ಎಂದೆ. ಕಿವಿ ಬಿಸಿಯಾಗಿತ್ತು. ಶೆಲ್ಫಿಗೆ ಮೊಸರು ಜೋಡಿಸುವ ನೆಪದಲ್ಲಿ ಫ್ರಿಜ್ಜಿನೊಳಗೆ ತಲೆ ಹಾಕಿ ನಿಂತೆ.

ನವೆಂಬರ್ 23

ಆ ಸಾಲು ಅಳಿಸಿದೆ. ಉತ್ತರ ಬರೆದೆ: “ಇಲ್ಲ, ಅವರು ಹಾಗೆ ಹೇಳಿರಲಿಲ್ಲ.” ನನಗೇನು ಗೊತ್ತು ಅವರು ಏನು ಹೇಳಿದ್ದರೆಂದು? ಸತ್ತವರ ಪರವಾಗಿ ಮಾತಾಡುತ್ತಿದ್ದೇನೆ. ಥೂ.

ಹಾಲ್ಡಿಸ್ ಬರೆದರು: “ಸಮಾಧಾನ ಆಯ್ತು.”

ಡಿಸೆಂಬರ್ 7, ಭಾನುವಾರ

ಎರಡು ವಾರ ಬರೆಯಲು ಮನಸ್ಸಾಗಲಿಲ್ಲ. ಚಿತ್ರವನ್ನೂ ಹಾಕಿಲ್ಲ. ಕಳೆದೆರಡು ಶನಿವಾರ ಗಂಟಲು ನೋವೆಂದು ಅಂಗಡಿಗೆ ಹೋಗಲಿಲ್ಲ.

ಇವತ್ತು ಪ್ರಾರ್ಥನೆ ಮುಗಿದ ಮೇಲೆ, ಕಾಫಿ ಮತ್ತು ವಾಫೆಲ್ ಹೊತ್ತಿಗೆ, ಹಾಲ್ಡಿಸ್ ಮೇಜಿನಿಂದ ಮೇಜಿಗೆ ಫೋನ್ ಹಿಡಿದು ಹೋದರು. ಜನ ಮಾತಾಡತೊಡಗಿದರು. ನಿಜವಾಗಿ, ಆ ಹೆಸರು ಹಿಡಿದೇ. ಯಾರೋ ದೋಣಿಗೆ ಬಣ್ಣ ಹಚ್ಚಿದ ಬೇಸಿಗೆಯನ್ನು ನೆನೆದರು. ಹಾಲ್ಡಿಸ್ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲೇ ಇಲ್ಲ. ಫೋನ್ ಅಮ್ಮನ ಕೈಗೂ ಬಂತು. ಅಮ್ಮ ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಫೋನ್ ಮುಂದಕ್ಕೆ ದಾಟಿಸಿದಳು.

ಮನೆಗೆ ಬಂದು ಕೋಟು ಬಿಚ್ಚುವ ಮುಂಚೆಯೇ ಶುರು.

“ನಮ್ಮನೆ ಕಿಟಕಿ ನಂಗೆ ಗೊತ್ತಾಗಲ್ವೇನೇ? ಯಾಕೆ ಮಾಡ್ದೆ?”

ಹೆಸರು ಚೆನ್ನಾಗಿತ್ತು ಎಂದೆ. ಬೇರೇನೂ ಕಾರಣ ಇರಲಿಲ್ಲ, ಹೇಳಿದ್ದು ನಿಜವೇ. ಅಮ್ಮ ಬೈಯಲಿಲ್ಲ. ಕುರ್ಚಿ ಎಳೆದು ಕೂತಳು. ಈಗಲೇ ಹೋಗಿ ಹೇಳಿ ಬಾ, ಬೇರೆಯವರ ಬಾಯಿಂದ ಗೊತ್ತಾದರೆ ಆ ಹೆಂಗಸು ಎದ್ದು ನಿಲ್ಲುವುದಿಲ್ಲ ಎಂದಳು.

ಹೋದೆ. ಹಾಲ್ಡಿಸ್ ಮನೆಯ ಗೇಟಿನವರೆಗೆ. ಒಳಗೆ ದೀಪ. ಮೇಜಿನ ಬಳಿ ಕೂತು ಫೋನಿನಲ್ಲಿ ಏನನ್ನೋ ನೋಡುತ್ತಿದ್ದರು. ಏನನ್ನೋ ಅಂತೆ!

ಗೇಟಿನ ಹತ್ತಿರವೇ ನಿಂತು ಅಕೌಂಟ್ ಡಿಲೀಟ್ ಮಾಡಿದೆ. ಹೇಳಿ ಬಂದೆ ಎಂದು ಅಮ್ಮನಿಗೆ ಹೇಳಿದೆ.

ಡಿಸೆಂಬರ್ 13, ಶನಿವಾರ

ಅಂಗಡಿಗೆ ಹೋದೆ. ಎಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದೆ. ಕೇಸರಿ ಬನ್ನಿನ ವಾಸನೆ, ಗಲಾಟೆ, ಹಬ್ಬದ ವ್ಯಾಪಾರ.

ಹಾಲ್ಡಿಸ್ ಕ್ಯಾಶಿನಲ್ಲಿ ಚಿಲ್ಲರೆ ತಪ್ಪಾಗಿ ಕೊಡುತ್ತಿದ್ದರು. ಎಂದೂ ತಪ್ಪುವವರಲ್ಲ. ಬಿಡುವಾದಾಗ ನನ್ನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದರು. ಪುಟ ಕಾಣೆಯಾಗಿದೆಯಂತೆ. ವಾರವಿಡೀ ಹುಡುಕಿದ್ದಾರೆ. ತಂಗಿಯ ಮಗಳಿಗೂ ಸಿಗಲಿಲ್ಲವಂತೆ.

“ನಾನೇ ಎಲ್ಲೋ ಏನೋ ಒತ್ಬಿಟ್ಟೆ ಅನ್ಸುತ್ತೆ. ನನ್ನ ಕೈಯಿಂದ್ಲೇ ಹೋಯ್ತು. ನೀನು ಬುದ್ಧಿವಂತೆ, ಒಂದ್ಸಲ ನೋಡು ಮಗಾ. ವಾಪಸ್ ಬರುತ್ತಾ?”

ಬರುವುದಿಲ್ಲ ಎಂದೆ. ನೀವು ಒತ್ತಿದ್ದರಿಂದ ಅಲ್ಲ ಎಂದೆ. ಮತ್ತೆ ಹೇಗೆ ಎಂದು ಕೇಳಿದರು. ಅಷ್ಟರಲ್ಲಿ ಗಿರಾಕಿ ಬಂದರು. ದೇವರು ಕಾಪಾಡಿದ ಎಂದುಕೊಂಡೆ. ಇಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ.

ಡಿಸೆಂಬರ್ 14, ಭಾನುವಾರ, ಮಧ್ಯಾಹ್ನ

ಈಗಷ್ಟೇ ಬಂದೆ. ಕೋಟು ಮೈಮೇಲೇ ಇದೆ.

ಬಾಗಿಲು ತಟ್ಟಿದೆ. ಹಾಲ್ಡಿಸ್ ಕಾಫಿಗೆ ಇಟ್ಟರು. ಕೂರುವ ಮುಂಚೆಯೇ ಹೇಳಿಬಿಟ್ಟೆ, ನಿಂತುಕೊಂಡೇ, ಎಲ್ಲ. ಕಪ್ಪು ನೀರಿನ ಸಾಲು ಕೂಡ. ಜೇಬಿನಲ್ಲಿ ಗುಂಯ್ ಅಂದದ್ದು ಕೂಡ.

ಅವರು ಒಲೆ ಆರಿಸಿದರು. ಬಟ್ಟೆಯಿಂದ ಮೇಜು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಹಾಗಾದ್ರೆ ಅದನ್ನ ಯಾರೂ ಮಾಡಿದ್ದಲ್ಲ,” ಅಂದರು.

ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ನಾನಿದ್ದೇನಲ್ಲ, ನನಗೆ ನೆನಪಿದೆ ಎನ್ನೋಣ ಎಂದರೆ, ನನಗೇನು ನೆನಪಿದೆ? ಕ್ಷಮಿಸಿ ಎಂದೆ. ತಲೆಯಾಡಿಸಿದರು. ಕ್ಷಮಿಸಿದ ತಲೆಯಾಟವಲ್ಲ, ಕೇಳಿಸಿತು ಎನ್ನುವುದಷ್ಟೇ.

ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದೆ. ಹಿಂದಿನಿಂದ ಕೇಳಿದರು.

“ಚೆನ್ನಾಗಿದೆ ಅಂತ ತಾನೇ ಇಟ್ಕೊಂಡಿದ್ದು? ಆ ಹೆಸರು.”

ಹೌದು ಎಂದೆ. ತಲೆ ಎತ್ತಲಿಲ್ಲ.

“ಪೇಡರೂ ಅದಕ್ಕೇ ಇಟ್ಟಿದ್ದು. ಚಳಿಗಾಲ ಪೂರ್ತಿ ಹೆಸರು ಬರೀತಾನೆ, ಹೊಡೆದು ಹಾಕ್ತಾನೆ. ಎಲ್ಲರೂ ದೋಣಿಗೆ ಹೆಂಡ್ತಿ ಹೆಸರಿಡ್ತಾರೆ ಕಣೋ ಅಂದ್ರೆ, ಹಾಲ್ಡಿಸ್ ಅಂತ ಬರೆದ್ರೆ ಮೀನು ಹೆದರಿ ಓಡುತ್ತೆ ಅಂದ.” ನಕ್ಕರು. ಸಣ್ಣಗೆ, ಮೂಗಿನಲ್ಲಿ. “ಹುಡುಗಿ ಥರ ಕೂತ್ಕೊಂಡು ಚೆಂದದ ಹೆಸರು ಹುಡುಕ್ತಿದ್ದ, ಅಷ್ಟು ದೊಡ್ಡ ಗಂಡಸು...”

ನಗು ಅಲ್ಲಿಗೇ ನಿಂತಿತು. ಗೋಡೆ ಹಿಡಿದುಕೊಂಡರು. ನಾನು ಒಂದು ಬೂಟು ಹಾಕಿ, ಒಂದು ಕೈಯಲ್ಲಿ ಹಿಡಿದು, ಹತ್ತಿರ ಹೋಗಬಹುದೇ, ಮುಟ್ಟಬಹುದೇ, ನಾನು ಮುಟ್ಟಿದರೆ ಅವರು ಕೈ ಕೊಡವಿಬಿಡುತ್ತಾರೇನೋ ಎಂದುಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದೆ.