ಪಾಳಿಚುಕ್ಕಿ

ಮೂಡಲಗಿ
೨೦ ಜನವರಿ ೨೦೨೬

ಅನ್ನಪೂರ್ಣಾ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದು ಹಾಕಿದ್ದೇನೆ. ಗುರುತು ಕಾಣುತ್ತಿದ್ದರೆ ಕಾಣಲಿ. ಶನಿವಾರದಿಂದ ನೀನು ಏಳು ಸಲ ಫೋನ್ ಮಾಡಿದ್ದೀಯ. ಎತ್ತಿದ್ದರೆ ನಾನು ಬೈಯುತ್ತಿದ್ದೆ, ಬೈದರೆ ನೀನು ಅಳುತ್ತಿದ್ದೆ, ನೀನು ಅತ್ತರೆ ನಾನು ಕರಗುತ್ತಿದ್ದೆ. ಗೋಕಾಕದ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ನಡೆದದ್ದೇ ಅದು. ಈ ಸಲ ಕರಗುವ ಮನಸ್ಸಿಲ್ಲ, ಅದಕ್ಕೇ ಪತ್ರ.

ಎರಡು ವರ್ಷದ ಹಿಂದೆ ಹುಕ್ಕೇರಿಯ ನಿಮ್ಮ ಅಜ್ಜನ ಹೊಲದಲ್ಲಿ ಗೊಬ್ಬರಕ್ಕೆಂದು ನಮ್ಮ ಕುರಿ ತರುಬಿ ರಾತ್ರಿ ನಿಲ್ಲಿಸಿದ್ದು ನೆನಪಿದೆಯಲ್ಲ? ದಿನಾ ಸಂಜೆ ಬುತ್ತಿ ತಂದು ಅಪ್ಪನ ಕಂಬಳಿಯ ಮೇಲೆ ಕೂತು, ‘ಕಾಕಾ, ಇದಕ್ಕೇನಂತಾರ? ಅದಕ್ಕೇನಂತಾರ?’ ಎಂದು ಕೇಳಿ ಕೇಳಿ ಫೋನಿನಲ್ಲಿ ತುಂಬಿಸಿಕೊಂಡೆ. ಹಿಂದೆ ಅಪ್ಪನೂ ಅವನ ಅಣ್ಣನೂ ರಾತ್ರಿ ಸರದಿಯ ಮೇಲೆ ಹಿಂಡು ಕಾಯುತ್ತಿದ್ದರು. ಯಾವ ಚುಕ್ಕಿ ಮೂಡಿದರೆ ಒಬ್ಬ ಮಲಗಿ ಇನ್ನೊಬ್ಬ ಏಳಬೇಕೋ ಅದು ಪಾಳಿಚುಕ್ಕಿ. ಹೆಸರಿಟ್ಟವನು ದೊಡ್ಡಪ್ಪ ಯಲ್ಲಾರಿ. ಅಪ್ಪ ನಿನ್ನಿಂದ ಕೇಳಿದ್ದು ಒಂದೇ: ‘ಮಂದಿಗೆ ಹೇಳೂಮುಂದ ನಮ್ಮಣ್ಣನ ಹೆಸರೂ ಹೇಳವ್ವಾ. ಅವಗ ಮಕ್ಕಳಿಲ್ಲ. ಸತ್ತ ಮ್ಯಾಲೆ ಅವನ ಹೆಸರ ಎತ್ತವ್ರ ಇಲ್ಲ.’ ನೀನು ಅಪ್ಪನ ಕೈಮುಟ್ಟಿ ಹೂಂ ಅಂದೆ.

ಹಿಡಕಲ್ ಗುಡ್ಡದ ವೀಕ್ಷಣಾಲಯದಲ್ಲಿ ಶನಿವಾರ ಜನರಿಗೆ ನಕ್ಷತ್ರ ತೋರಿಸುವ ಸಂಜೆ ಇದೆ, ನಾನೇ ಮಾತಾಡುವವಳು, ಕಾಕಾನನ್ನು ಕರೆದುಕೊಂಡೇ ಬಾ ಎಂದವಳೂ ನೀನೇ. ಅಪ್ಪ ಕುರಿಗಳನ್ನು ಪಕ್ಕದ ಮನೆಯ ಶಿದ್ರಾಮನಿಗೆ ಒಪ್ಪಿಸಿ, ಹೊಸ ಪಟಕಾ ಸುತ್ತಿಕೊಂಡು ಹೊರಟ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ನಿನಗೆಂದು ಕರದಂಟು ಕೊಂಡ. ಪಕ್ಕದ ಸೀಟಿನವರಿಗೆಲ್ಲ ‘ಇವತ್ತ ನಮ್ಮಣ್ಣನ ಹೆಸರ ಮೈಕಿನ್ಯಾಗ ಬರತೈತ್ರಿ’ ಎಂದು ಹೇಳಿದ್ದೇ ಹೇಳಿದ್ದು.

ದುರ್ಬೀನಿನಲ್ಲಿ ಗುರುಗ್ರಹವನ್ನು ನೋಡಿ ಅಪ್ಪ ಮಗುವಿನಂತಾದ. ‘ಏ ದ್ರಾಕ್ಷಿ, ಅದರ ಬಾಜೂ ನಾಕ ಮರಿ ಅದಾವ ನೋಡ’ ಎಂದು ನನ್ನನ್ನು ಕರೆದ. ಅದಾದ ಮೇಲೆ ನೀನು ಮೈಕು ಹಿಡಿದೆ. ಆಗ್ನೇಯದಲ್ಲಿ ಝಗಝಗಿಸುತ್ತಿದ್ದ ದೊಡ್ಡ ಚುಕ್ಕಿಗೆ ಹಸಿರು ಬೆಳಕು ಬಿಟ್ಟು, ಇದು ಪಾಳಿಚುಕ್ಕಿ, ವರ್ಷವಿಡೀ ಇದನ್ನು ನೋಡಿಯೇ ಹಿಂದಿನವರು ಪಾಳಿ ಬದಲಿಸುತ್ತಿದ್ದರು, ನನಗೆ ಇದನ್ನು ಹೇಳಿಕೊಟ್ಟವನು ನಮ್ಮ ಅಜ್ಜ ಎಂದೆ. ಚಪ್ಪಾಳೆ ಬಿತ್ತು. ನಿಮ್ಮ ಅಜ್ಜ ಹೊತ್ತು ಮುಳುಗಿದರೆ ಒಳಗೆ ಹೋಗಿ ಮಲಗುವವನು ಎಂಬುದು ಊರಿಗೇ ಗೊತ್ತು.

ಅಪ್ಪ ಎದ್ದು ನಿಂತ. ಖರೆ ಹೇಳುತ್ತೇನೆ, ಅಣ್ಣನ ಹೆಸರಿಗಾಗಿ ಎದ್ದವನಲ್ಲ. ತಪ್ಪು ತಿದ್ದಲು ಎದ್ದ. ‘ಯವ್ವಾ, ಅದು ದೀಪಾವಳಿ ಹೊತ್ತಿನ ಪಾಳಿಚುಕ್ಕಿ. ಈಗ ಅದು ಹೊತ್ತ ಮುಳುಗೂದ್ರಾಗ ಮೂಡತೈತಿ. ಅದನ್ನ ನೋಡಿ ಎಬ್ಬಿಸಾಕ ಹ್ವಾದ್ರ ಅಂವ ಇನ್ನಾ ಉಣ್ಣಾಕ ಕುಂತಿರತಾನ. ತಿಂಗಳಿಗೊಂದ ಬ್ಯಾರೆ ಇರತೈತಿ’ ಎಂದ. ನೀನು ಮೈಕಿನಲ್ಲೇ, ‘ಅಜ್ಜಾರ, ಏನರ ಕೇಳೂದಿದ್ರ ಕಡೀಕ ಕೇಳ್ರಿ, ಈಗ ಕುಂಡರ್ರಿ’ ಎಂದೆ. ಜನ ನಕ್ಕರು.

ಕಾಕಾ ಆಗಿದ್ದವನು ಅಜ್ಜಾರು ಯಾವಾಗ ಆದ, ಅನ್ನಪೂರ್ಣಾ? ಗುರುತು ಸಿಗಲಿಲ್ಲ ಎನ್ನಬೇಡ. ನೀನು ನಮ್ಮಿಬ್ಬರನ್ನೂ ನೋಡಿ ಮುಖ ತಿರುಗಿಸಿದ್ದನ್ನು ನಾನು ಕಂಡಿದ್ದೇನೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ನನಗೆ ಮೋಸ ಮಾಡಿದ್ದರೆ ನುಂಗಿಕೊಳ್ಳುತ್ತಿದ್ದೆ. ಸತ್ತವನ ಹೆಸರು ಹೇಳುತ್ತೇನೆಂದು ಮಾತು ಕೊಟ್ಟು ನಿಮ್ಮಜ್ಜನ ಹೆಸರು ಹೇಳಿದೆಯಲ್ಲ, ಅದನ್ನು ನುಂಗಲಾರೆ.

ಮನೆಗೆ ಬಂದು ಅಪ್ಪ ಪಟಕಾ ಬಿಚ್ಚಿಟ್ಟ. ಹೇಗಿತ್ತು ಎಂದು ಅವ್ವ ಕೇಳಿದ್ದಕ್ಕೆ, ‘ಥಂಡಿ ಭಾಳ ಇತ್ತು’ ಎಂದು ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿದ. ಮೂರು ದಿನವಾಯಿತು, ನನ್ನ ಜೊತೆ ಮಾತಿಲ್ಲ. ಇದಕ್ಕೆಲ್ಲ ನೀನೇ ಕಾರಣ.

ಮುಂದಿನ ಸಂಜೆ ಅದೇ ಮೈಕಿನಲ್ಲಿ ಯಲ್ಲಾರಿಯ ಹೆಸರು ಹೇಳು. ಹೇಳುವತನಕ ನಮ್ಮ ಹೊಸ್ತಿಲು ತುಳಿಯಬೇಡ.

ಒಂದು ಕಾಲಕ್ಕೆ ನಿನ್ನವಳಾಗಿದ್ದ,
ದ್ರಾಕ್ಷಾಯಿಣಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಜನ ನಗುತ್ತಿದ್ದಾಗ ಪಕ್ಕದ ಹೆಂಗಸು, ‘ಆ ಅಜ್ಜ ನಿಮ್ಮವರೇನ್ರಿ?’ ಎಂದು ನನ್ನನ್ನು ಕೇಳಿದಳು. ‘ಅಲ್ರಿ, ನಮ್ಮೂರಾವ್ರು’ ಎಂದುಬಿಟ್ಟೆ. ಅಪ್ಪ ಅಷ್ಟೊತ್ತಿಗೆ ನನ್ನ ಮಗ್ಗುಲಲ್ಲೇ ಬಂದು ಕೂತಿದ್ದ. ಹಿಂದಿರುಗುವಾಗ ಬಸ್ಸಿನಲ್ಲಿ ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ ಇಬ್ಬರೂ ಜೊತೆಗೇನು ಎಂದು ಕೇಳಿದಾಗ ಅಪ್ಪ, ‘ನಂದಷ್ಟ ಕೊಡ್ರಿ’ ಎಂದ.