ಚೀಲದ ಸಾಲಿನಲ್ಲಿ ಒಂದು ಜಾಗ

ಶಹಾಬಾದ್, ಬಿಸಿಲುಹೊಲದ ಓಣಿ
ನವೆಂಬರ್ 31, 2174

ಈರವ್ವ ಆಯಿಗೆ, ನಿನ್ನ ಮೊಮ್ಮಕ್ಕಳ ಸಾಲಿನಲ್ಲಿ ಬಹಳ ಹಿಂದೆ ನಿಂತಿರುವ ರುದ್ರಾಂಬೆಯ ನಮಸ್ಕಾರ.

ತಾರೀಖು ನೋಡಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಇಡೀ ದೇಶಕ್ಕೆ ಇವತ್ತು ಡಿಸೆಂಬರ್ ಒಂದು. ನಮ್ಮ ಊರಿಗೆ ಮಾತ್ರ ನವೆಂಬರ್ ಇನ್ನೊಂದು ದಿನ ಉಳಿದಿರುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ. ಈ ಕಾಗದ ಹಿಂದಕ್ಕೆ, ನಿನ್ನ ಕಾಲಕ್ಕೆ, ಹೇಗೆ ಬಂತೆಂದು ಕೇಳಬೇಡ, ನನಗೂ ಗೊತ್ತಿಲ್ಲ. ನಮ್ಮ ಕಾಲದ ಶಬ್ದಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ಆಯಿಗೆ ಬಹುವಚನ ಹಚ್ಚುವ ರೂಢಿ ನಮ್ಮ ಮನೆಗೆ ಇವತ್ತಿಗೂ ಬಂದಿಲ್ಲ.

ನಿಮ್ಮ ಕಲ್ಲುಗಣಿಗಳಿದ್ದಲ್ಲಿ ಈಗ ಬಿಸಿಲುಹೊಲ ಹಬ್ಬಿದೆ. ಬಿಸಿಲು ಕುಡಿದು ಕರೆಂಟು ಕೊಡುವ ಹಲಗೆಗಳ ಬಯಲು ಅದು. ಊರಿನ ಅರ್ಧ ಮಂದಿ ಅಲ್ಲೇ ದುಡಿಯುತ್ತಾರೆ. ದುಡಿಯುವವರು ಸತ್ತರೆ ಮನೆಯವರಿಗೆ ಉಳಿವುಪಾಲು ಬರುತ್ತದೆ. ನೀವು ಕುಟುಂಬ ಪಿಂಚಣಿ ಎನ್ನುತ್ತಿದ್ದುದು ಇದನ್ನೇ. ಅರ್ಜಿಯಿಲ್ಲ, ಸಾಹೇಬರ ಸಹಿಯಿಲ್ಲ, ನಾಳೆ ಬಾ ಎನ್ನುವವರಿಲ್ಲ. ನಾವು ಬದುಕಿದ್ದೇವೆಯೇ ಎಂದು ತಿಳಿಯಲು ಮನೆಮನೆಯಲ್ಲಿ ಗೋಡೆಗಿವಿ ಇದೆ. ಎದೆಬಡಿತ ಕೇಳಿಸಿಕೊಂಡು ಅದೇ ವರದಿ ಕಳಿಸುತ್ತದೆ. ಒಲೆ ಮುಂದೆ ಗೊಣಗುತ್ತಿದ್ದರೂ ಸರಿ, ಬದುಕಿದ್ದಾಳೆ ಎಂದು ಬರೆದುಕೊಳ್ಳುತ್ತದೆ. ಇದನ್ನು ಹಳಿಯುವಷ್ಟು ಉಪಕಾರಗೇಡಿ ನಾನಲ್ಲ. ನನ್ನ ಗಂಡ ಸೋಮಲಿಂಗ ಹಲಗೆ ತೊಳೆಯುವಾಗ ಏಣಿಯಿಂದ ಬಿದ್ದು ತೀರಿಕೊಂಡ. ಆಮೇಲೆ ನಮ್ಮ ಮಕ್ಕಳು ಒಂದು ಹೊತ್ತೂ ಉಪವಾಸ ಮಲಗಲಿಲ್ಲ. ಆದರೆ ನೆರೆಯವರು ಬಾಗಿಲಿಗೆ ಬರುವ ಮೊದಲೇ ಪಾಲು ಬಂದಿತ್ತು. ಪಾಲು ಬಂತಲ್ಲ, ಇನ್ನೇನು ಎಂದು ಬಹಳ ಮಂದಿ ಬರಲೇ ಇಲ್ಲ.

ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿನ್ನ ನವೆಂಬರ್, ಆಯಿ. ನನ್ನ ಅಜ್ಜಿ ಅದರ ಕತೆ ಹೇಳುತ್ತಿದ್ದಳು. ನಿನ್ನ ಗಂಡ ಮಲ್ಲಪ್ಪ ಮುತ್ಯಾ ಗಣಿಯಲ್ಲಿ ತೀರಿಕೊಂಡ ಮೇಲೆ, ಪಿಂಚಣಿ ನಿಲ್ಲದಿರಲೆಂದು, ಬದುಕಿದ್ದೇನೆ ಎಂದು ತೋರಿಸಲು ನೀನು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗುತ್ತಿದ್ದೆ. ನಿನ್ನಂಥ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೈಚೀಲಗಳನ್ನು ಸಾಲಾಗಿ ಇಟ್ಟು, ಸರದಿಯನ್ನು ಚೀಲಗಳೇ ಕಾಯಲಿ ಎಂದು ಬೇವಿನ ಮರದ ಕೆಳಗೆ ಕೂರುತ್ತಿದ್ದಿರಿ. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿದ ಗಂಟು ಬಿಚ್ಚುತ್ತಿದ್ದಿರಿ. "ಏನವ್ವಾ, ಈ ವರ್ಷನೂ ಅದೀಯೇನು?" ಎಂದು ಗೆಳತಿ ಖಾಜಾಬಿ ಕೇಳಿದರೆ, "ಅದೀನಿ ನೋಡು, ನಿನ್ನ ಬಾಯಿ ಕೇಳಬೇಕಲ್ಲ" ಎನ್ನುತ್ತಿದ್ದೆಯಂತೆ. ಯಾರಾದರೂ ತೀರಿಕೊಂಡಿದ್ದರೆ ಅವರ ಚೀಲದ ಜಾಗವನ್ನು ಖಾಲಿ ಬಿಡುತ್ತಿದ್ದಿರಿ. ಆ ವರ್ಷ ಹೊಸದಾಗಿ ಗಂಡನನ್ನು ಕಳೆದುಕೊಂಡು ಬಂದವಳನ್ನು ಕರೆದು, ಅವಳ ಚೀಲವನ್ನು ಅಲ್ಲಿಡಿಸುತ್ತಿದ್ದಿರಿ. ನಾನು ಆ ಮರ ನೋಡಿದವಳಲ್ಲ. ಆದರೂ ಅದರ ನೆರಳಿನಲ್ಲಿ ಕೂತು ಎದ್ದವಳ ಹಾಗೆ ನನಗದು ನೆನಪಾಗುತ್ತದೆ.

ಬ್ಯಾಂಕು ಹೋಯಿತು, ಬೇವೂ ಹೋಯಿತು. ಮೆಟ್ಟಿಲು ಉಳಿದವು, ಸಾಲೂ ಉಳಿಯಿತು. ನವೆಂಬರ್ ಪೂರ್ತಿ ಬರಲಾಗದವರಿಗೂ ಒಂದು ದಿನ ಇರಲಿ ಎಂದು ಊರಿನವರು ಈ ಮೂವತ್ತೊಂದನ್ನು ಸೇರಿಸಿಕೊಂಡರು. ಇದಕ್ಕೆ ತೋರುದಿನ ಎನ್ನುತ್ತೇವೆ. ಸೋಮಲಿಂಗ ತೀರಿಕೊಂಡ ವರ್ಷ ನಾನು ಚೀಲ ಹಿಡಿದು ಪೆದ್ದಿಯ ಹಾಗೆ ನಿಂತಿದ್ದೆ. ಖಾಜಾಬಿಯ ವಂಶದ ಮುದುಕಿಯೊಬ್ಬಳು ಖಾಲಿ ಜಾಗ ತೋರಿಸಿ, "ಇಲ್ಲಿಡವ್ವಾ, ಇದು ನಿಂದೇ" ಎಂದಳು. ಅಲ್ಲಿಯವರೆಗೆ ಅಳದವಳು ಅವತ್ತು ಅತ್ತುಬಿಟ್ಟೆ.

ಈಗ ನಮ್ಮ ಊರಕೂಟದ ಹಿರಿಯರಿಗೆ ಇದು ಕೆಲಸವಿಲ್ಲದವರ ಕೆಲಸ. ಇವತ್ತು ಚೀಲಗಳಿಂದ ಮೆಟ್ಟಿಲು ತುಂಬದಿದ್ದರೆ ತೋರುದಿನವನ್ನೇ ತೆಗೆದುಹಾಕುತ್ತಾರಂತೆ. ಎದುರುಮನೆಯ ನೀಲಗಂಗಾ ಚಿಕ್ಕ ವಯಸ್ಸಿನವಳು. ಆಷಾಢದಲ್ಲಿ ಗಂಡ ಹೋದಾಗಿನಿಂದ ಅವಳ ಬಾಗಿಲು ತೆರೆದಿದ್ದನ್ನು ನಾನು ಕಂಡಿಲ್ಲ. ಬದುಕಿದ್ದಾಳೆ ಎಂದು ಗೋಡೆ ಹೇಳುತ್ತದೆ, ಎಲ್ಲರಿಗೂ ಅಷ್ಟು ಸಾಕಾಗಿದೆ. ನಿನ್ನೆ ಹೋಗಿ ಬಾಗಿಲು ಬಡಿದು, "ಚೀಲ ತಗೊಂಡು ಬಾ ತಂಗಿ" ಎಂದೆ. "ಯಾಕ್ರೀ, ಪಾಲು ಬರ್ತದಲ್ಲ" ಎಂದು ಒಳಗಿಂದಲೇ ಹೇಳಿದಳು.

ಅದಕ್ಕೇ ಈ ಕಾಗದ. ನಿನ್ನ ಕಾಲದ ಈ ನವೆಂಬರಿನಲ್ಲಿ ನಿನ್ನ ಮೊಮ್ಮಗಳು ನಿನ್ನ ಮುಂದೆ ಫೋನು ಹಿಡಿಯುತ್ತಾಳೆ. ಅವಳೇ ಮುಂದೆ ನನ್ನ ಮುತ್ತಜ್ಜಿಯಾಗುವವಳು. "ಇದಕ್ಕೇ ಮುಖ ತೋರಿಸು ಆಯಿ, ಇನ್ನು ಬ್ಯಾಂಕಿಗೆ ಹೋಗೋದು ಬ್ಯಾಡ" ಎನ್ನುತ್ತಾಳೆ. ತೋರಿಸು. ನಿನ್ನ ಮಂಡಿನೋವು ನನಗೆ ಗೊತ್ತು, ಅದೇ ಮಂಡಿ ನನಗೂ ಬಂದಿದೆ. ಆದರೆ ಕೆಲಸ ಮುಗಿದ ಮೇಲೂ ಒಂದು ದಿನ ಆಟೊ ಹಿಡಿದಾದರೂ ಹೋಗು. ಖಾಜಾಬಿಯನ್ನೂ ಕರೆದುಕೋ. ಯಾಕೆ ಬಂದಿರಿ ಎಂದು ಬ್ಯಾಂಕಿನವರು ಕೇಳಿದರೆ ಸುಮ್ಮನೆ ಬಂದೆವು ಎನ್ನು. ನೀವು ಹಾಗೆ ಸುಮ್ಮನೆ ಹೋಗಿದ್ದರಿಂದಲೇ ನಮ್ಮ ಸಾಲು ಇಲ್ಲಿಯವರೆಗೆ ಬಂತು.

ನನ್ನ ಚೀಲ ಸಿದ್ಧವಾಗಿದೆ, ರೊಟ್ಟಿ ಇಬ್ಬರಿಗಾಗುವಷ್ಟು ಕಟ್ಟಿದ್ದೇನೆ. ಹೊರಡುವಾಗ ನೀಲಗಂಗಾಳ ಬಾಗಿಲನ್ನು ಇನ್ನೊಮ್ಮೆ ಬಡಿಯುತ್ತೇನೆ. ತೆರೆಯದಿದ್ದರೂ ನನ್ನ ಚೀಲದ ಪಕ್ಕ ಒಂದು ಚೀಲದಷ್ಟು ಜಾಗ ಬಿಟ್ಟಿರುತ್ತೇನೆ. ನೀನೂ ಬಿಡು ಆಯಿ.

ನಿನ್ನ
ರುದ್ರಾಂಬೆ